ತಂತಿ ಚುಚ್ಚುವುದೇಕೆ

ಅಂಡರ್‌ವೈರ್ ಬ್ರಾ ಕೊಳ್ಳುವವರು ಮೊದಲು ಅದರ ಒಳಮೈ ನೋಡಬೇಕು. ಲೇಸು, ಬಣ್ಣ, ನಡುವಿನ ಪುಟ್ಟ ಬೋ ಎಲ್ಲ ಆಮೇಲೆ. ತಿರುವಿ ಹಿಡಿದರೆ ಕಪ್‌ನ ಬುಡದಲ್ಲಿ ತಂತಿ ಹಾಯುವ ಪಟ್ಟಿ ಕಾಣುತ್ತದೆ. ಒಳ್ಳೆಯ ಬ್ರಾದಲ್ಲಿ ಆ ಪಟ್ಟಿಯ ಮೈಗೆ ತಾಗುವ ಬದಿ ಮೆತ್ತಗಿರುತ್ತದೆ, ಅದರ ಉದ್ದಕ್ಕೂ ಎರಡು ಸಾಲು ಹೊಲಿಗೆ ಓರೆಕೋರೆಯಿಲ್ಲದೆ ಸಾಗಿರುತ್ತದೆ. ಎರಡೂ ತುದಿಗಳಲ್ಲಿ ಒತ್ತೊತ್ತಾಗಿ ಅಡ್ಡಡ್ಡ ಹಾಕಿದ ಗಟ್ಟಿ ಹೊಲಿಗೆ ಇರಬೇಕು. ಗಾರ್ಮೆಂಟ್ಸಿನವರು ಇದನ್ನು ಬಾರ್‌ಟ್ಯಾಕ್ ಎನ್ನುತ್ತಾರೆ. ತಂತಿ ಹೊರಗೆ ಇಣುಕದಂತೆ ಕಾಯುವುದು ಅದೇ. ಬೆರಳಿನಿಂದ ತಳ್ಳಿದರೆ ತಂತಿ ಒಳಗೇ ನಾಲ್ಕೈದು ಮಿ.ಮೀ. ಅತ್ತಿತ್ತ ಸರಿಯಬೇಕು. ತೊಟ್ಟಾಗ ತಂತಿ ಸ್ವಲ್ಪ ಅಗಲವಾಗಿ ತೆರೆದುಕೊಳ್ಳುತ್ತದೆ. ಆ ಜಾಗವೂ ಇಲ್ಲದೆ ಬಿಗಿದು ಕೂರಿಸಿದ್ದರೆ ಅದು ತುದಿಯ ಹೊಲಿಗೆಯನ್ನೇ ದಿನವೂ ತಿವಿಯುತ್ತ ಹೋಗಿ, ಒಂದು ದಿನ ಬಟ್ಟೆ ಹರಿದು ಹೊರಬರುತ್ತದೆ.

ಚುಚ್ಚುತ್ತದೆಂದು ಅಂಡರ್‌ವೈರ್ ಸಹವಾಸವನ್ನೇ ಬಿಟ್ಟವರು ಬಹಳ ಮಂದಿ. ಹೊಲಿಗೆ ಕೆಟ್ಟಿದ್ದರೆ ಅವರ ದೂರು ನ್ಯಾಯವೇ. ಆದರೆ ಚೆನ್ನಾಗಿ ಹೊಲಿದ ಬ್ರಾ ಕೂಡ ಚುಚ್ಚುತ್ತಿದ್ದರೆ ನೋಡಬೇಕಾದ್ದು ಬ್ಯಾಂಡನ್ನು. ಭಾರ ಹೊರುವುದು ಭುಜದ ಪಟ್ಟಿಗಳೆಂದೇ ಹೆಚ್ಚಿನವರು ನಂಬಿದ್ದಾರೆ. ಅದರ ಬಹುಪಾಲು ಹೊರುವುದು ಪಕ್ಕೆಲುಬಿನ ಸುತ್ತ ಕೂರುವ ಬ್ಯಾಂಡ್. ಅದು ಸಡಿಲವಾದರೆ ಬೆನ್ನ ಹಿಂದೆ ಮೇಲೇರುತ್ತದೆ, ಮುಂದೆ ಕಪ್ ಜೋತುಬೀಳುತ್ತದೆ, ತಂತಿ ಜಾಗ ಬಿಟ್ಟು ಕದಲಿ ಕಂಕುಳ ಕೆಳಗೆ ಒತ್ತತೊಡಗುತ್ತದೆ. ಆಗ ಭುಜದ ಪಟ್ಟಿ ಎಳೆದು ಬಿಗಿಮಾಡಿದರೆ ಭುಜದಲ್ಲಿ ಗುಳಿ ಬೀಳುತ್ತದೆಯೇ ಹೊರತು ತಂತಿ ಸ್ವಸ್ಥಾನಕ್ಕೆ ಬರುವುದಿಲ್ಲ.

ಸಡಿಲ ಬ್ಯಾಂಡಿನ ಮೂಲ ಅಳತೆ ಟೇಪಿನ ಲೆಕ್ಕದಲ್ಲೇ ಇದೆ. ಎದೆಯ ಕೆಳಗಿನ ಸುತ್ತಳತೆಗೆ ನಾಲ್ಕೋ ಐದೋ ಇಂಚು ಕೂಡಿಸುವ ಹಳೆಯ ಪದ್ಧತಿ ಇನ್ನೂ ಎಷ್ಟೋ ಅಂಗಡಿಗಳಲ್ಲಿ ನಡೆಯುತ್ತಿದೆ. ಒಬ್ಬಾಕೆಯ ಎದೆಯ ಕೆಳಗಿನ ಸುತ್ತಳತೆ 31 ಇಂಚು, ಎದೆಯ ಸುತ್ತಳತೆ 37 ಇಂಚು ಎಂದುಕೊಳ್ಳೋಣ. 31ಕ್ಕೆ 5 ಕೂಡಿಸಿದರೆ 36. ಉಳಿದ ವ್ಯತ್ಯಾಸ ಒಂದೇ ಇಂಚು, ಅಂದರೆ ಎ ಕಪ್. ‘ನಿಮಗೆ 36ಎ ಆಗುತ್ತೆ ಮೇಡಂ’ ಎಂದು ಡಬ್ಬಿ ಕೈಗಿಡುತ್ತಾರೆ. ಹಾಗೆ ಇಂಚು ಕೂಡಿಸದೆ, 31ನ್ನು ಮುಂದಿನ ಸಮಸಂಖ್ಯೆಗಷ್ಟೇ ಏರಿಸಿ ಲೆಕ್ಕ ಹಾಕಿದರೆ ಬ್ಯಾಂಡ್ 32, ವ್ಯತ್ಯಾಸ ಐದು ಇಂಚು, ಸೈಜು 32ಡಿಡಿ. ಮೈ ಒಂದೇ! ಕಪ್‌ನ ಅಕ್ಷರಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲ, ಬ್ಯಾಂಡಿನ ಸಂಖ್ಯೆಯ ಜೊತೆಗೇ ಅದಕ್ಕೆ ಅರ್ಥ. 36ಎ ಕಪ್‌ನಲ್ಲಿ ಹಿಡಿಸುವಷ್ಟೇ 32ಸಿ ಕಪ್‌ನಲ್ಲೂ ಹಿಡಿಸುತ್ತದೆ. ಹಾಗಾಗಿ ಆಕೆ ಮನೆಗೊಯ್ದದ್ದು ಎರಡು ಸೈಜು ಸಣ್ಣ ಕಪ್ ಮತ್ತು ನಾಲ್ಕಿಂಚು ಸಡಿಲ ಬ್ಯಾಂಡ್. ತಂತಿ ಎದೆಯ ಬುಡ ಸುತ್ತುವ ಬದಲು ಎದೆಯ ಮೇಲೇ ಕುಳಿತು ಒತ್ತುತ್ತದೆ. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ನೂಲನ್ನು ರೂಪಿಸಿದ ಮೇಲೆ ಬ್ಯಾಂಡುಗಳು ತಾವೇ ಧಾರಾಳವಾಗಿ ಹಿಗ್ಗುತ್ತವೆ. ಕೂಡಿಸಿ ಸಡಿಲ ಮಾಡುವ ಅಗತ್ಯ ಉಳಿದಿಲ್ಲ.

ತೊಟ್ಟು ನೋಡುವುದಕ್ಕೂ ಒಂದು ಕ್ರಮವಿದೆ. ಹೊಸ ಬ್ರಾ ಅತಿ ಸಡಿಲ ಸಾಲಿನ ಹುಕ್ಕಿನಲ್ಲೇ ಸರಿಹೋಗಬೇಕು. ಉಳಿದ ಸಾಲುಗಳಿರುವುದು ಮುಂದೆ ಎಲಾಸ್ಟಿಕ್ ಸಡಿಲವಾದಾಗ ಒಳಗೆ ಸರಿಸಿಕೊಳ್ಳಲು. ಹುಕ್ ಹಾಕಿ, ಸ್ವಲ್ಪ ಮುಂದಕ್ಕೆ ಬಾಗಿ, ಕಂಕುಳ ಕಡೆ ಸರಿದ ಭಾಗವನ್ನೆಲ್ಲ ಅಂಗೈಯಿಂದ ಕಪ್‌ನೊಳಗೆ ತಂದುಕೊಳ್ಳಬೇಕು. ಈ ಒಂದು ಹೆಜ್ಜೆ ಬಿಟ್ಟರೆ ಸಣ್ಣ ಕಪ್ ಕೂಡ ಸರಿಯಾಗಿರುವಂತೆ ಕಂಡು ಮೋಸ ಮಾಡುತ್ತದೆ. ಆಮೇಲೆ ಪಕ್ಕದಿಂದ ಕನ್ನಡಿ ನೋಡಿದರೆ ಬ್ಯಾಂಡ್ ಹಿಂದೆ ಮುಂದೆ ಒಂದೇ ಮಟ್ಟದಲ್ಲಿರಬೇಕು, ತಂತಿಯ ಹೊರತುದಿ ಕಂಕುಳಿನ ನಡುಭಾಗಕ್ಕೆ ಮುಖ ಮಾಡಿರಬೇಕು. ಎರಡು ಕಪ್‌ಗಳ ನಡುವಿನ ತುಂಡು ಎದೆಮೂಳೆಗೆ ಒರಗಿ ಕೂರಬೇಕು. ಅದು ಗಾಳಿಯಲ್ಲಿ ನಿಂತಿದ್ದರೆ ಸಾಮಾನ್ಯವಾಗಿ ಕಪ್ ಸಣ್ಣದಾಯಿತೆಂದೇ ಅರ್ಥ. ಎದೆಗಳು ತೀರ ಹತ್ತಿರವಿರುವವರಿಗೆ ಮಾತ್ರ ಈ ಪರೀಕ್ಷೆ ಪೂರ್ತಿ ಹೊಂದುವುದಿಲ್ಲ. ಅವರು ನಡುವಿನ ತುಂಡು ಗಿಡ್ಡವಾಗಿರುವ ಪ್ಲಂಜ್ ಮಾದರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಕಪ್‌ನ ವಿಷಯಕ್ಕೆ ಬಂದರೆ, ರವಿಕೆ, ಕುರ್ತಾಗಳ ಮೇಲೆ ಗೆರೆ ಮೂಡಬಾರದೆಂದು ನಮ್ಮಲ್ಲಿ ಅಚ್ಚಿನಲ್ಲಿ ಒತ್ತಿ ತೆಗೆದ ಫೋಮ್ ಕಪ್‌ಗಳಿಗೇ ಬೇಡಿಕೆ. ಅಚ್ಚು ತನ್ನ ಆಕಾರವನ್ನು ಬಿಟ್ಟುಕೊಡದು, ಎದೆಯೇ ಅದಕ್ಕೆ ಹೊಂದಿಕೊಳ್ಳಬೇಕು. ಭಾರವಾದ ಎದೆಗೆ ಮೂರು ತುಂಡು ಸೇರಿಸಿ ಹೊಲಿದ ಕಪ್ಪೇ ಮೇಲು. ಕೆಳಗಿನ ಎರಡು ತುಂಡು ಎತ್ತಿ ಹಿಡಿಯುತ್ತವೆ, ಮೇಲಿನದು ಮುಚ್ಚುತ್ತದೆ. ಕಂಕುಳ ಬದಿಗೆ ಇನ್ನೊಂದು ಪಟ್ಟಿ ಕೊಟ್ಟಿದ್ದರೆ ಅದು ಎದೆಯನ್ನು ಮುಂದಕ್ಕೆ ತಳ್ಳುತ್ತದೆ. ಕೊಳ್ಳುವ ಮೊದಲು ಕೆಳತುಂಡನ್ನು ಮೇಲೆ ಕೆಳಗೆ ಎಳೆದು ನೋಡಬೇಕು. ಆ ದಿಕ್ಕಿನಲ್ಲಿ ಬಟ್ಟೆ ಹಿಗ್ಗಿದರೆ ಆಧಾರ ಬಹಳ ದಿನ ಬಾಳದು.

ಇಷ್ಟೆಲ್ಲ ಮಾತಿಗೆ ಕಾರಣವಾದ ತಂತಿ ಹೊಸದೇನಲ್ಲ. ಅಮೆರಿಕದ ಹೆಲೆನ್ ಪಾನ್ಸ್ ಎದೆಯ ಬುಡ ಮತ್ತು ಪಕ್ಕ ಸುತ್ತುವ, ಒಂದು ಬದಿ ತೆರೆದ ತಂತಿಯ ವಿನ್ಯಾಸಕ್ಕೆ ಪೇಟೆಂಟ್ ಪಡೆದದ್ದು 1931ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಲೋಹದ ಅಭಾವ ಉಂಟಾದ್ದರಿಂದ ಅದು ಮನೆಮಾತಾಗಲು 1950ರ ದಶಕದವರೆಗೆ ಕಾಯಬೇಕಾಯಿತು. ತಂತಿಯಿಂದ ಕ್ಯಾನ್ಸರ್ ಬರುತ್ತದೆಂಬ ಭಯ ಇಂದಿಗೂ ಓಡಾಡುತ್ತಿದೆ. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟು ನಿಂತ ಮಹಿಳೆಯರಲ್ಲಿ ಬ್ರಾಗೂ ಸ್ತನ ಕ್ಯಾನ್ಸರಿಗೂ ಯಾವ ನಂಟೂ ಕಾಣಲಿಲ್ಲ, ತಂತಿ ಇದ್ದರೂ ಇಲ್ಲದಿದ್ದರೂ.

ನಮ್ಮ ಊರುಗಳಲ್ಲಿ ಕೌಂಟರಿನ ಹಿಂದೆ ಗಂಡಸರೇ ನಿಂತಿರುವ, ತೊಟ್ಟು ನೋಡಲು ಕೋಣೆಯಿಲ್ಲದ ಅಂಗಡಿಗಳು ಇನ್ನೂ ಕಡಿಮೆಯೇನಲ್ಲ. ಇದು ನಾಚಿಕೆಯ ಪ್ರಶ್ನೆಯಷ್ಟೇ ಅಲ್ಲ. ತೊಡದೆ ಕೊಂಡ ಅಂಡರ್‌ವೈರ್ ಸರಿಹೋಗುವುದು ಅದೃಷ್ಟವಿದ್ದರೆ ಮಾತ್ರ. 2011ರಲ್ಲಿ ರಿಚಾ ಕರ್ ಬೆಂಗಳೂರಿನಿಂದ ಜಿವಾಮೆ ಎಂಬ ಆನ್‌ಲೈನ್ ಮಳಿಗೆ ಶುರುಮಾಡಿದ ಮೇಲೆ ಮನೆಯಲ್ಲೇ ಕೂತು ಸೈಜು ಹುಡುಕುವುದು ಹೆಂಗಸರಿಗೆ ರೂಢಿಯಾಯಿತು. ಹಾಗೆ ತರಿಸುವವರು ಬಟ್ಟೆಯ ಚೀಟಿ ಕೀಳದೆ, ಅಕ್ಕಪಕ್ಕದ ಎರಡು ಸೈಜುಗಳನ್ನೂ ತೊಟ್ಟು ನೋಡಿ ಒಂದನ್ನು ಇಟ್ಟುಕೊಳ್ಳುವುದು ಮೇಲು.

ಮನೆಗೆ ತಂದ ಮೇಲೆ ಬಿಸಿನೀರು, ಬ್ಲೀಚು, ಡ್ರೈಯರ್ ಮೂರನ್ನೂ ದೂರವಿಡಬೇಕು; ಸ್ಪ್ಯಾಂಡೆಕ್ಸ್ ಇವನ್ನು ತಾಳುವುದಿಲ್ಲ. ಹಿಂಡಿದರೆ ತಂತಿ ತಿರುಚಿಕೊಳ್ಳುತ್ತದೆ, ಟವೆಲಿನಲ್ಲಿ ಒತ್ತಿ ನೀರು ತೆಗೆದು ನೆರಳಲ್ಲಿ ಹರವಿದರೆ ಸಾಕು. ಅತಿ ಬಿಗಿ ಸಾಲಿನ ಹುಕ್ ಹಾಕಿದರೂ ಬ್ಯಾಂಡ್ ಬೆನ್ನ ಮೇಲೆ ಏರತೊಡಗಿದರೆ ಅದನ್ನು ಬದಲಿಸುವ ಹೊತ್ತಾಯಿತು. ಬ್ಯಾಂಡ್ ಗಟ್ಟಿಯಾಗಿದ್ದು ಬಾರ್‌ಟ್ಯಾಕ್ ಮಾತ್ರ ಬಿಚ್ಚಿದ್ದರೆ, ತಂತಿಯನ್ನು ಒಳಕ್ಕೆ ತಳ್ಳಿ ತುದಿಗೆ ದಪ್ಪ ದಾರದಲ್ಲಿ ಒತ್ತೊತ್ತಾಗಿ ಅಡ್ಡಹೊಲಿಗೆ ಹಾಕಿಸಿದರೆ ಇನ್ನೂ ಕೆಲವು ತಿಂಗಳು ತೊಡಬಹುದು.