ಹೆಂಚು ಜಾರಿದ್ದು ಯಾರ ಕೈಯಿಂದ?

ಲ್ಯೂ ವ್ಯಾಲೇಸ್ 1880ರಲ್ಲಿ ಪ್ರಕಟಿಸಿದ ‘ಬೆನ್ ಹರ್’ ಕಾದಂಬರಿಯ ದುರಂತಕ್ಕೆಲ್ಲ ಒಂದು ಹೆಂಚು ಕಾರಣ. ಜೆರುಸಲೇಮಿನ ಬೀದಿಯಲ್ಲಿ ರೋಮಿನ ಅಧಿಪತಿ ಗ್ರೇಟಸ್‌ನ ಮೆರವಣಿಗೆ ಬರುತ್ತಿದೆ. ಸಿರಿವಂತ ಯಹೂದಿ ಮನೆತನದ ಹುಡುಗ ಜೂಡಾ ಅದನ್ನು ನೋಡಲು ಮಾಳಿಗೆಯ ಅಂಚಿಗೆ ಬಾಗುತ್ತಾನೆ. ಅವನು ಕೈಯೂರಿದ ಹೆಂಚು ಕಳಚಿ ಅಧಿಪತಿಯ ತಲೆಗೆ ಬೀಳುತ್ತದೆ. ಬಾಲ್ಯದ ಗೆಳೆಯ ಮೆಸ್ಸಾಲಾನೇ ತಿರುಗಿಬೀಳುತ್ತಾನೆ. ಜೂಡಾ ಹಡಗಿನಲ್ಲಿ ಹುಟ್ಟು ಹಾಕುವ ಗುಲಾಮನಾಗುತ್ತಾನೆ, ತಾಯಿ ಮತ್ತು ತಂಗಿ ಕತ್ತಲಕೋಣೆ ಸೇರುತ್ತಾರೆ.

ವಿಲಿಯಂ ವೈಲರ್‌ನ 1959ರ ಚಿತ್ರದಲ್ಲಿ ಆ ಹೆಂಚನ್ನು ಬೀಳಿಸುವವಳು ತಂಗಿ ತಿರ್ಜಾ. 2016ರ ಚಿತ್ರದಲ್ಲಿ ಹೆಂಚೇ ಇಲ್ಲ. ಮನೆಯಲ್ಲಿ ಆಶ್ರಯ ಪಡೆದ ಬಂಡಾಯಗಾರನೊಬ್ಬ ಬಾಣ ಬಿಡುತ್ತಾನೆ. ನಾಯಕನ ಕೈ ಪ್ರತಿಸಲವೂ ಇನ್ನಷ್ಟು ಶುಭ್ರವಾಗುತ್ತದೆ. ನನ್ನ ತಕರಾರು ಇರುವುದು ಇಲ್ಲಿ.

ರಥಸ್ಪರ್ಧೆಯದೂ ಇದೇ ಕಥೆ. ವೈಲರ್‌ನ ಚಿತ್ರದಲ್ಲಿ ಓಟ ಶುರುವಾದ ಮೇಲೆ ಹಿನ್ನೆಲೆ ಸಂಗೀತವೇ ಇಲ್ಲ; ಗೊರಸಿನ ಸದ್ದು, ಚಾಟಿಯ ಏಟು, ಜನರ ಕೂಗು ಮಾತ್ರ. ಆಂಡ್ರೂ ಮಾರ್ಟನ್ ಮತ್ತು ಯಾಕಿಮಾ ಕನಟ್ ರೂಪಿಸಿದ ಆ ದೃಶ್ಯ ಇವತ್ತಿಗೂ ಮೈನವಿರೇಳಿಸುತ್ತದೆ. ಆದರೆ ಅಲ್ಲಿ ಚಕ್ರಕ್ಕೆ ಹಲ್ಲು ಕಟ್ಟಿಕೊಂಡು ಬಂದ ಮೆಸ್ಸಾಲಾ ತನ್ನ ದುಷ್ಟತನಕ್ಕೆ ತಾನೇ ಬಲಿಯಾಗುತ್ತಾನೆ. ಕಾದಂಬರಿಯ ಜೂಡಾ ಹಾಗಲ್ಲ. ತನ್ನ ರಥದ ಅಚ್ಚಿನ ತುದಿಯನ್ನು ಬೇಕೆಂದೇ ಮೆಸ್ಸಾಲಾನ ಚಕ್ರಕ್ಕೆ ತಾಗಿಸಿ ಅದನ್ನು ಪುಡಿಮಾಡುತ್ತಾನೆ. ಮೆಸ್ಸಾಲಾ ಸಾಯುವುದಿಲ್ಲ, ಅಂಗವಿಕಲನಾಗಿ ಬದುಕುತ್ತಾನೆ. ಸೇಡು ತೀರಿಸಿಕೊಂಡವನೇ ಮುಂದೆ ಕ್ರಿಸ್ತನ ಕ್ಷಮೆಯೆದುರು ನಿಲ್ಲಬೇಕು. ಕಾದಂಬರಿಗೆ ತೂಕ ಬಂದಿರುವುದು ಇದರಿಂದಲೇ. ಯೇಸುವನ್ನು ರಾಜನನ್ನಾಗಿಸಲು ಅವನು ಗಲಿಲಿಯಲ್ಲಿ ಗುಟ್ಟಾಗಿ ಸೈನ್ಯ ಕಟ್ಟುವ ಭಾಗವನ್ನೂ ವೈಲರ್ ಬಿಟ್ಟುಬಿಟ್ಟ. ಕಳಂಕವೇ ಇಲ್ಲದವನಿಗೆ ಕ್ಷಮೆಯ ಪಾಠ ಏಕೆ?

ವ್ಯಾಲೇಸ್‌ನ ಬರವಣಿಗೆ ಎಳೆದಾಟದ್ದು, ನಿಜ. ಮೂವರು ಜ್ಞಾನಿಗಳು ಮರುಭೂಮಿಯಲ್ಲಿ ಸಂಧಿಸುವ ಆರಂಭಕ್ಕೇ ತಾಳ್ಮೆ ಬೇಕು. (ಅವರಲ್ಲೊಬ್ಬ, ಮೆಲ್ಕಿಯೋರ್, ಭಾರತದ ಬ್ರಾಹ್ಮಣ, ಜಾತಿಯ ಕಟ್ಟಿನಿಂದ ಹೊರಬಂದ ತನ್ನ ಕಥೆಯನ್ನು ಅವನು ಹೇಳುವ ಪುಟಗಳು ನಮ್ಮ ಓದುಗರಿಗೆ ಅಚ್ಚರಿ ತರುತ್ತವೆ.) ಅಂಗಣ, ಒಂಟೆ, ಉಡುಪುಗಳ ವರ್ಣನೆ ಪುಟಗಟ್ಟಲೆ ಸಾಗುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ದಂಡನಾಯಕನಾಗಿದ್ದ ಈ ಲೇಖಕನಿಗೆ ಹೋರಾಟದ ಬಿಸಿ ಮಾತ್ರ ಚೆನ್ನಾಗಿ ಗೊತ್ತಿತ್ತು.

1959ರ ಚಿತ್ರ 11 ಆಸ್ಕರ್ ಗೆದ್ದಿತು. ಚಿತ್ರವಾಗಿ ಅದು ದೊಡ್ಡದು, ಜೂಡಾನ ಮಟ್ಟಿಗೆ ಕಾದಂಬರಿಯೇ ದೊಡ್ಡದು. ಸಿನಿಮಾವನ್ನು ಮೆಚ್ಚಿದವರು ರಥಸ್ಪರ್ಧೆ ಬರುವ ಐದನೆಯ ಭಾಗವನ್ನಾದರೂ ಓದಬೇಕು.