ಕೊನೆಯ ಮಾತು ಯಾರದು?
‘ಮಹಾನಾಯಕ’ದ ಮನೆ ಮತ್ತು ಕೇರಿಯ ಮನೆ

ದಲಿತ ವಿಮರ್ಶೆ ಕತೆ, ಕಾವ್ಯ, ಆತ್ಮಕಥನಗಳನ್ನು ಬಿಟ್ಟು ಟೀವಿ ಕಡೆ ನೋಡಿದ್ದು ಕಡಿಮೆ. ಸೀರಿಯಲ್ಲೆಂದರೆ ಹೊತ್ತುಗಳೆಯುವ ಸರಕು ಎಂಬ ತಾತ್ಸಾರ ನಮ್ಮೊಳಗೂ ಇದೆ. ಆದರೆ 2020ರ ಜುಲೈನಲ್ಲಿ ಜೀ ಕನ್ನಡದಲ್ಲಿ ‘ಮಹಾನಾಯಕ’ ಶುರುವಾದಾಗ ಕೇರಿಗಳಲ್ಲಿ ಜನ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ಪ್ರಸಾರ ನಿಲ್ಲಿಸುವಂತೆ ಬೆದರಿಕೆ ಬರುತ್ತಿದೆ ಎಂದು ವಾಹಿನಿಯ ಮುಖ್ಯಸ್ಥರೇ ಹೇಳಬೇಕಾಯಿತು. ಹಿಂದಿಯಿಂದ ಡಬ್ ಆಗಿ ಬಂದ ಸೀರಿಯಲ್ಲೊಂದು ಒಂದು ಕಡೆ ಫ್ಲೆಕ್ಸು, ಇನ್ನೊಂದು ಕಡೆ ಬೆದರಿಕೆ ಹುಟ್ಟಿಸಿತೆಂದರೆ ಅದು ವಿಮರ್ಶೆಯ ವಸ್ತುವೇ ಸರಿ. ಅಂಬೇಡ್ಕರ್ ಚರಿತ್ರೆಯನ್ನು ಅದು ಎಷ್ಟು ನಿಷ್ಠೆಯಿಂದ ಹೇಳಿತು ಎಂಬ ಚರ್ಚೆಯನ್ನು ಬೇರೆಯವರು ಮಾಡಲಿ. ನನ್ನ ಪ್ರಶ್ನೆ ಆ ಸೀರಿಯಲ್ಲಿನ ಮನೆಯ ಬಗ್ಗೆ. ಹೆಸರುಗಳು ಚರಿತ್ರೆಯವಾದರೂ ಟೀವಿಯ ಆ ಮನೆ ಕಲ್ಪಿಸಿ ಕಟ್ಟಿದ ಮನೆ. ಅಲ್ಲಿ ಯಾರು ಮಾತಾಡುತ್ತಾರೆ, ಯಾರು ಸುಮ್ಮನಾಗುತ್ತಾರೆ?

ಇದಕ್ಕೊಂದು ಸಿದ್ಧಾಂತವಿದೆ. ಮನೆಮಂದಿ ಸಮೂಹ ಮಾಧ್ಯಮಗಳನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಹುಡುಕುತ್ತ ಹೋದ ಅಮೆರಿಕದ ಮ್ಯಾಕ್ಲೌಡ್ ಮತ್ತು ಚಾಫೀ 1970ರ ದಶಕದಲ್ಲಿ ಇದಕ್ಕೆ ತಳಹದಿ ಹಾಕಿದರು. 2002ರ ಹೊತ್ತಿಗೆ ಕೋರ್ನರ್ ಮತ್ತು ಫಿಟ್ಜ್‌ಪ್ಯಾಟ್ರಿಕ್ ಅದನ್ನು ಬೆಳೆಸಿ ಪೂರ್ಣ ಸಿದ್ಧಾಂತವಾಗಿ ಮಂಡಿಸಿದರು. ಅವರ ಬಳಿ ಎರಡು ಅಳತೆಗೋಲುಗಳಿವೆ. ಮನೆಯಲ್ಲಿ ಎಲ್ಲರೂ ಎಲ್ಲದರ ಬಗ್ಗೆ ಎಷ್ಟು ಬಿಚ್ಚಿ ಮಾತಾಡುತ್ತಾರೆ ಎಂಬುದು ಸಂವಾದದ ಅಳತೆ. ಮಕ್ಕಳು ಹಿರಿಯರ ಮಾತಿಗೆ ಎಷ್ಟು ತಲೆಬಾಗಬೇಕು ಎಂಬುದು ಅನುಸರಣೆಯ ಅಳತೆ. ಎರಡೂ ಹೆಚ್ಚಿದ್ದರೆ ಅದು ಒಮ್ಮತದ ಮನೆ. ಮಾತು ಹೆಚ್ಚು, ಅಂಕೆ ಕಡಿಮೆಯಾದರೆ ಬಹುಮುಖಿ ಮನೆ. ಅಂಕೆ ಮಾತ್ರ ಇದ್ದರೆ ಕಾಪಿಡುವ ಮನೆ. ಎರಡೂ ಇಲ್ಲದ್ದು ಯಾರಿಗೆ ಯಾರೋ ಎನ್ನುವ ಮನೆ.

ರಾಮಜಿ ಸಕ್ಪಾಲರ ಮನೆ ಮೊದಲ ನೋಟಕ್ಕೆ ಒಮ್ಮತದ ಮನೆ. ಬಾಲಕ ಭೀಮ ಪ್ರಶ್ನೆ ಕೇಳುತ್ತಾನೆ. ತಂದೆ ಸಿಟ್ಟಾದರೂ ಕೂಡಿಸಿಕೊಂಡು ವಿವರಿಸುತ್ತಾರೆ. ಇದಕ್ಕೆ ಚರಿತ್ರೆಯ ಆಧಾರವೂ ಇದೆ. ‘ಬುದ್ಧ ಮತ್ತು ಆತನ ಧಮ್ಮ’ಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಅಂಬೇಡ್ಕರ್ ಇಂಥದೊಂದು ವಾದವನ್ನು ನೆನೆಯುತ್ತಾರೆ. ಬ್ರಾಹ್ಮಣ ಕ್ಷತ್ರಿಯರನ್ನು ಹೊಗಳುವ, ಶೂದ್ರ ಅಸ್ಪೃಶ್ಯರನ್ನು ಹೀಗಳೆಯುವ ರಾಮಾಯಣ ಮಹಾಭಾರತಗಳನ್ನು ನಾವೇಕೆ ಓದಬೇಕು ಎಂದು ಮಗ ಕೇಳಿದ. ನಮ್ಮ ಮಕ್ಕಳಲ್ಲಿ ಕೀಳರಿಮೆ ಬೆಳೆಯಬಾರದು, ಕರ್ಣ ವಾಲ್ಮೀಕಿಯಂಥವರು ಎಲ್ಲಿಂದ ಎಲ್ಲಿಗೆ ಏರಿದರು ನೋಡು ಎಂದು ತಂದೆ ಉತ್ತರಿಸಿದರು. ಮಗನಿಗೆ ಸಮಾಧಾನವಾಗಲಿಲ್ಲ. ಅಂಕೆಯೂ ಇದೆ, ಎದುರು ಮಾತೂ ಇದೆ. ಸಿದ್ಧಾಂತ ಇಲ್ಲಿಯವರೆಗೆ ಸರಿಯಾಗಿಯೇ ಕೂಡುತ್ತದೆ.

ತೊಡಕು ಮುಂದಿದೆ. ಈ ಸಿದ್ಧಾಂತದವರ ಪ್ರಶ್ನಾವಳಿಯಲ್ಲಿ ‘ನಮ್ಮ ಮನೆಯಲ್ಲಿ ಕೊನೆಯ ಮಾತು ತಂದೆತಾಯಿಯದೇ’ ಎಂಬರ್ಥದ ಹೇಳಿಕೆ ಬರುತ್ತದೆ. ಕೇರಿಯ ಮಗುವಿಗೆ ಇದನ್ನು ಕೇಳಿ ನೋಡಿ. ‘ಸುಮ್ ಕುಂದ್ರಲೇ, ದೊಡ್ಡೋರ ಮುಂದ ಮಾತಾಡ್ತಿಯೇನು’ ಎಂದು ಗದರುವ ಅಪ್ಪನ ಬಾಯಿಂದ ಹೊರಟ ಆ ಮಾತು ಅಪ್ಪನದೇನು? ಅದು ಊರೊಳಗಿಂದ ಬಂದದ್ದು. ಹೊಲದ ಕೂಲಿ, ಕೈಗಡ, ನಾಳಿನ ನೀರು ಇವೆಲ್ಲ ಆ ಮಾತಿನ ಹಿಂದೆ ನಿಂತಿವೆ. ಮಗನ ಮೈಮೇಲೆ ಏಟು ಬೀಳಬಾರದೆಂದು ಅಪ್ಪ ಊರಿನ ಮಾತನ್ನು ತಾನೇ ಆಡಿಬಿಡುತ್ತಾನೆ. ಪ್ರಶ್ನಾವಳಿ ಇದನ್ನು ಅಪ್ಪನ ಯಜಮಾನಿಕೆ ಎಂದು ಬರೆದುಕೊಳ್ಳುತ್ತದೆ. ಅಮೆರಿಕದ ಪಡಸಾಲೆಗೆ ನಾಲ್ಕು ಗೋಡೆಯಾದರೂ ಇದ್ದೀತು. ನಮ್ಮ ಮನೆಗಳ ಗೋಡೆಯೊಳಗೇ ಊರು ಕೂತಿರುತ್ತದೆ.

ಇದಕ್ಕೆ ಅಂಬೇಡ್ಕರ್ ಬಾಲ್ಯದಲ್ಲಿಯೇ ದೊಡ್ಡ ಸಾಕ್ಷಿಯಿದೆ. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರು 1901ರ ಪ್ರಯಾಣವೊಂದನ್ನು ಹೇಳುತ್ತಾರೆ. ತಾಯಿ ತೀರಿಕೊಂಡಿದ್ದರು. ತಂದೆ ಗೋರೆಗಾಂವಿನಲ್ಲಿ ಖಜಾಂಚಿ ಕೆಲಸದಲ್ಲಿದ್ದರು. ಮಕ್ಕಳು ಸಾತಾರಾದಲ್ಲಿ ಸೋದರತ್ತೆಯ ಆಸರೆಯಲ್ಲಿ, ತಾವೇ ಅಡಿಗೆ ಮಾಡಿಕೊಂಡು ಇದ್ದರು. ರಜೆಗೆ ಬರುತ್ತೇವೆಂದು ಅಪ್ಪನಿಗೆ ಕಾಗದ ಬರೆದು ಮಸೂರು ಸ್ಟೇಶನ್ನಿನಲ್ಲಿ ಇಳಿದರು. ಕಾಗದವನ್ನು ಆಳು ಅಪ್ಪನಿಗೆ ಕೊಟ್ಟೇ ಇರಲಿಲ್ಲ. ಮಹಾರರೆಂದು ತಿಳಿದ ಮೇಲೆ ಗಾಡಿ ಸಿಗಲಿಲ್ಲ. ಇಮ್ಮಡಿ ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ನೀರಿರಲಿಲ್ಲ. ಸುಂಕದವನ ಹತ್ತಿರ ನಾವು ಮುಸಲ್ಮಾನರೆಂದು ಹೇಳಿ ಉರ್ದುವಿನಲ್ಲಿ ನೀರು ಕೇಳಿದರೂ ಸಿಗಲಿಲ್ಲ.

ಒಂದು ಕಾಗದ ತಪ್ಪುವುದು ಯಾವ ಮನೆಯಲ್ಲೂ ಆಗುವ ಸಂಗತಿ. ಮೇಲುಜಾತಿಯ ಮನೆಯಲ್ಲಾದರೆ ಅದೊಂದು ತಮಾಷೆಯ ಕತೆಯಾಗಿ ಮುಗಿಯುತ್ತಿತ್ತು. ಇಲ್ಲಿ ಆ ಮಕ್ಕಳು ರಾತ್ರಿಯಿಡೀ ನೀರಿಲ್ಲದೆ ಕಳೆದರು. ಮನೆಯೊಳಗೆ ಮಾತಿನ ಕೊರತೆ ಇರಲಿಲ್ಲ, ಪ್ರೀತಿಯ ಕೊರತೆಯೂ ಇರಲಿಲ್ಲ. ಹೆಸರು ಮರೆಸಿ ನೀರು ಕೇಳುವ ಮಾತನ್ನು ಆ ಹುಡುಗನಿಗೆ ಕಲಿಸಿದ್ದು ದಾರಿ. ಈ ದಾರಿಯನ್ನು ಅಳೆಯುವ ಗೋಲು ಸಿದ್ಧಾಂತದಲ್ಲಿಲ್ಲ.

ಸೀರಿಯಲ್ಲು ಎಡವುವುದೂ ಇಲ್ಲೇ. ಅಂಬೇಡ್ಕರರ ಬದುಕಿನಲ್ಲಿ ಬೇಗ ತೀರಿಕೊಂಡ ತಾಯಿ ಭೀಮಾಬಾಯಿ ಟೀವಿಯಲ್ಲಿ ಬಹುಕಾಲ ಮನೆ ತುಂಬಿಕೊಂಡಿರುತ್ತಾಳೆ. ತಾಯಿ ಒಲೆಯ ಮುಂದೆ, ತಂದೆ ನಡುಮನೆಯಲ್ಲಿ, ಮಕ್ಕಳು ಸುತ್ತಲೂ: ಟೀವಿಗೆ ಒಗ್ಗುವ ಮನೆ ಇದೊಂದೇ. ಜಾತಿ ಹೊರಗಿನ ಖಳರ ಕೇಡಾಗಿ ಬಾಗಿಲಿಗೆ ಬರುತ್ತದೆ. ಮಸೂರಿನಲ್ಲಿ ಖಳರು ಯಾರಿದ್ದರು? ಕರುಣೆಯಿಂದ ವಿಚಾರಿಸಿ, ಜಾತಿ ಕೇಳಿದೊಡನೆ ಹಿಂದೆ ಸರಿದ ಸ್ಟೇಶನ್ ಮಾಸ್ತರ, ಹೊಟ್ಟೆಪಾಡಿನ ಗಾಡಿಯವ. ಒಳ್ಳೆಯವರ ಕೈಯಿಂದಲೂ ನಡೆಯುವ ಜಾತಿಯನ್ನು ತೋರಿಸುವುದಕ್ಕೆ ಹಿನ್ನೆಲೆ ಸಂಗೀತ ಒದಗುವುದಿಲ್ಲ.

ಪಾಮನಕಲ್ಲೂರಿನಿಂದ ನೋಡುವವರಿಗೆ ಸಾತಾರಾದ ಮನೆ ಹೊಸದೇನಲ್ಲ. 5ಎ ಕಾಲುವೆಯ ನೀರಿಗಾಗಿ ಇಲ್ಲಿ ರೈತರು ಧರಣಿ ಕೂತದ್ದೂ ಅದೇ 2020ರಲ್ಲಿ. ನೀರಿಲ್ಲದ ಹೊಲದಲ್ಲಿ ಮೊದಲು ಕೂಲಿ ಕಳಕೊಳ್ಳುವವರು ಹೊಲವಿಲ್ಲದವರು. ಅವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ‘ಯವ್ವಾ, ಯಾವಾಗ ಬರ್ತಿ?’ ಅನ್ನುವುದರಲ್ಲಿ ಫೋನಿನ ಮಾತು ಮುಗಿಯುತ್ತದೆ. ಪ್ರಶ್ನಾವಳಿ ಹಿಡಿದು ಹೋದರೆ ಇದು ಸಂವಾದವಿಲ್ಲದ, ಅಂಕೆಯಿಲ್ಲದ, ಯಾರಿಗೆ ಯಾರೋ ಎನ್ನುವ ಮನೆ! ಮಕ್ಕಳಿಗಾಗಿಯೇ ದೂರ ಹೋದ ತಾಯಿಗೆ ಆ ಹೆಸರು ಅಂಟುತ್ತದೆ. ಸಿದ್ಧಾಂತದ ತಪ್ಪು ಲೆಕ್ಕ ಇಲ್ಲಿ ಬರೀ ವಿದ್ವತ್ತಿನ ವಿಷಯವಾಗಿ ಉಳಿಯುವುದಿಲ್ಲ. ‘ಇವರ ಮನೆಯಲ್ಲಿ ಸಂಸ್ಕಾರವಿಲ್ಲ’ ಎನ್ನುವ ಊರಿನ ಹಳೆಯ ಮಾತಿಗೆ ಅದು ಹೊಸ ಪುರಾವೆ ಒದಗಿಸುತ್ತದೆ.

ಹಾಗಾದರೆ ಫ್ಲೆಕ್ಸ್ ಕಟ್ಟಿದವರು ಮೋಸಹೋದರೇ? ಹಾಗೆನ್ನಲಾರೆ. ಸೀರಿಯಲ್ ನೋಡುತ್ತ ಹುಡುಗಿಯೊಬ್ಬಳು ‘ಅಜ್ಜಾ, ನಿನಗ ಸಾಲ್ಯಾಗ ಎಲ್ಲಿ ಕುಂದರಸ್ತಿದ್ರು?’ ಎಂದು ಕೇಳಿದ್ದನ್ನು ನಾನು ಬಲ್ಲೆ. ಮಕ್ಕಳಿಗೂ ಹೇಳದಿದ್ದ ಸಂಗತಿಯನ್ನು ಆ ಅಜ್ಜ ಮೊಮ್ಮಗಳಿಗೆ ಹೇಳಿದ. ಸೀರಿಯಲ್ಲಿನ ಮನೆ ಅರ್ಧ ಸುಳ್ಳಿರಬಹುದು. ಅದು ನೋಡುವವರ ಮನೆಯಲ್ಲಿ ಹುಟ್ಟಿಸಿದ ಪ್ರಶ್ನೆ ಪೂರ್ತಿ ನಿಜ. ‘ಮಹಾನಾಯಕ’ದ ಬೆಲೆಯನ್ನು ಅಲ್ಲಿ ಕಟ್ಟಬೇಕು.

ಸಿದ್ಧಾಂತವನ್ನು ಪರದೇಶದ್ದೆಂದು ಎಸೆಯಬೇಕಿಲ್ಲ. ಅದರ ಎರಡು ಗೋಲುಗಳ ಪಕ್ಕ ನಮ್ಮದೊಂದು ಮೂರನೆಯದನ್ನು ಇಡೋಣ: ಮನೆಯೊಳಗೆ ಆಡಿದ ಮಾತಿನಲ್ಲಿ, ನುಂಗಿದ ಮಾತಿನಲ್ಲಿ ಊರಿನ ಪಾಲೆಷ್ಟು? ಮಾಧ್ಯಮ ಓದುವ ನಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಮ್ಮ ಕೇರಿಯಿಂದಲೇ ಶುರು ಮಾಡಲಿ. ಅಪ್ಪ ಯಾಕೆ ಸುಮ್ಮನಾದ ಎಂದು ಅಪ್ಪನನ್ನಷ್ಟೇ ಕೇಳಿದರೆ ಸಾಲದು, ಊರನ್ನೂ ಕೇಳಬೇಕು.