ಪ್ರಥಮಾಭ್ಯಾಸದ ಗೀತಗಳು: ಸಾಹಿತ್ಯದೃಷ್ಟಿಯಿಂದ ಒಂದು ವಿಮರ್ಶೆ

ಕರ್ಣಾಟಕ ಸಂಗೀತವನ್ನು ಕಲಿಯತೊಡಗುವ ಬಾಲಕನ ಮಾತೃಭಾಷೆ ಯಾವುದೇ ಆಗಿರಲಿ, ಅವನ ನಾಲಗೆಗೆ ಮೊದಲು ಬರುವ ಸಾಹಿತ್ಯವು ಪ್ರಾಯಶಃ ಮಲಹರಿ ರಾಗದ ಪಿಳ್ಳಾರಿ ಗೀತಗಳೇ. ‘ಶ್ರೀ ಗಣನಾಥ’, ‘ಕುಂದಗೌರ’, ‘ಕೆರೆಯ ನೀರನು’, ‘ಪದುಮನಾಭ’ ಎಂಬ ಈ ನಾಲ್ಕನ್ನೂ ಸಂಪ್ರದಾಯವು ಪುರಂದರದಾಸರ (೧೪೮೪–೧೫೬೪) ಕೃತಿಗಳೆಂದು ಹೇಳುತ್ತದೆ. ಇಷ್ಟು ಪ್ರಚಾರವುಳ್ಳ ರಚನೆಗಳಾದರೂ ಇವುಗಳ ಸಾಹಿತ್ಯವು ವಿಮರ್ಶೆಗೆ ಬಂದುದು ಅಲ್ಪ. ಸಾಹಿತ್ಯಜ್ಞರು ಇವನ್ನು ಸ್ವರಪಾಠವೆಂದು ಬಿಟ್ಟರು. ಗಾಯಕರು ಅರ್ಥವಿಚಾರವನ್ನು ಸಾಹಿತ್ಯಜ್ಞರಿಗೆ ಬಿಟ್ಟರು.

ಮೊದಲು ಪಾಠಕ್ರಮವನ್ನು ಪರಿಶೀಲಿಸತಕ್ಕದ್ದು. ಸರಳೆ, ಜಂಟಿವರಸೆಗಳನ್ನು ಮಾಯಾಮಾಳವಗೌಳದಲ್ಲಿ ಹೇಳಿಕೊಡುವರು. ಆ ರಾಗದಲ್ಲಿ ಷಡ್ಜದಿಂದ ಮಧ್ಯಮದವರೆಗಿನ ಅಂತರಗಳೇ ಪಂಚಮದಿಂದ ಮೇಲಿನ ಷಡ್ಜದವರೆಗೂ ಬರುವುದರಿಂದ, ಪೂರ್ವಾಂಗವನ್ನು ಸಾಧಿಸಿದವನಿಗೆ ಉತ್ತರಾಂಗವು ಸುಲಭವಾಗುತ್ತದೆ. ಅದರಿಂದ ಜನಿಸಿದ ಮಲಹರಿಯು ನಿಷಾದವನ್ನು ಸಂಪೂರ್ಣವಾಗಿಯೂ ಗಾಂಧಾರವನ್ನು ಆರೋಹಣದಲ್ಲಿಯೂ ವರ್ಜಿಸುತ್ತದೆ. ಆದಕಾರಣ ವಿದ್ಯಾರ್ಥಿಯು ಬಲ್ಲ ಸ್ವರಗಳಲ್ಲಿಯೇ ಹೊಸ ಸಂಚಾರವನ್ನು ಕಲಿಯುತ್ತಾನೆ. ನಡುವೆ ಬರುವ ಅಲಂಕಾರಗಳ ಸಪ್ತತಾಳಗಳಿಗೆ ಸುಳಾದಿ ತಾಳಗಳೆಂದೇ ಹೆಸರು. ಸುಳಾದಿಯಾದರೋ ಹರಿದಾಸರ ಸಾಹಿತ್ಯಪ್ರಕಾರಗಳಲ್ಲಿ ಒಂದು. ಹೀಗೆ ಪಾಠಶಾಲೆಗೂ ದಾಸಸಾಹಿತ್ಯಕ್ಕೂ ಇರುವ ಸಂಬಂಧವು ಆಕಸ್ಮಿಕವಲ್ಲ.

ಇನ್ನು ಕರ್ತೃತ್ವದ ವಿಚಾರ. ‘ಕೆರೆಯ ನೀರನು’, ‘ಪದುಮನಾಭ’ ಎಂಬ ಗೀತಗಳಲ್ಲಿ ಪುರಂದರವಿಠಲಾಂಕಿತವು ಸ್ಪಷ್ಟವಾಗಿದೆ. ಉಳಿದೆರಡರ ಪ್ರಚಲಿತ ಪಾಠದಲ್ಲಿ ಅಂಕಿತವಿಲ್ಲ. ‘ಕುಂದಗೌರ’ದಲ್ಲಿ ಹೇಮಕೂಟ, ವಿರೂಪಾಕ್ಷ ಎಂಬ ನಾಮಗಳು ಬರುವುದರಿಂದ ಅದು ಹಂಪೆಯ ಸ್ಮರಣೆಯುಳ್ಳದ್ದೆಂದು ಹೇಳಬಹುದು. ದಾಸರ ಜೀವಿತಕ್ಕೂ ಹಂಪೆಗೂ ಸಂಬಂಧವುಂಟೆಂಬುದು ಪ್ರಸಿದ್ಧವಾದರೂ ಸ್ಥಳದ ಸಾಕ್ಷ್ಯವು ಕರ್ತೃವಿನ ಸಾಕ್ಷ್ಯವಾಗಲಾರದು. ಆದ್ದರಿಂದ ಮೊದಲಿನೆರಡಕ್ಕೆ ಅಂಕಿತವೂ ಸಂಪ್ರದಾಯವೂ ಪ್ರಮಾಣ. ಉಳಿದೆರಡಕ್ಕೆ ಸಂಪ್ರದಾಯವೊಂದೇ ಪ್ರಮಾಣ. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಸಿದ್ಧಾಂತಮಾಡುವುದು ಯುಕ್ತವಲ್ಲ.

ಭಾಷೆಯನ್ನು ಕುರಿತು ವೈಯಾಕರಣನಿಗೆ ಒಂದು ಆಕ್ಷೇಪವು ತೋರಬಹುದು. ‘ಶ್ರೀ ಗಣನಾಥ’ದ ‘ಲಕುಮಿಕರ’ ಎಂಬ ಪದದಲ್ಲಿ ತದ್ಭವವಾದ ‘ಲಕುಮಿ’ಯು ಸಂಸ್ಕೃತಪದದೊಡನೆ ಕೂಡಿದೆ, ಅರಿಸಮಾಸವನ್ನು ಒಪ್ಪದವನಿಗೆ ಇದು ರುಚಿಸದು. ಆದರೆ ‘ಲಕ್ಷ್ಮೀಕರ’ ಎಂದು ತಿದ್ದಿದರೆ ಮೊದಲೆರಡು ಅಕ್ಷರಗಳು ಗುರುಗಳಾಗಿ ಸಂಯುಕ್ತಾಕ್ಷರದ ಭಾರವು ಬಾಲಕನ ನಾಲಗೆಯ ಮೇಲೆ ಬೀಳುವುದು. ‘ಲಕುಮಿಕರ’ದ ಐದಕ್ಷರಗಳೂ ಲಘುಗಳು. ಸಂಗತಿಗಳಿಲ್ಲದೆ, ಪ್ರಾಯಶಃ ಸ್ವರಕ್ಕೊಂದು ಅಕ್ಷರದಂತೆ ಸಮಲಯದಲ್ಲಿ ನಡೆಯುವ ಗೀತಕ್ಕೆ ಇಂತಹ ಪದವೇ ಅನುಕೂಲ. ಕಾವ್ಯದಲ್ಲಿ ದೋಷವೆನಿಸುವುದು ಇಲ್ಲಿ ಪ್ರಯೋಜನವಶದಿಂದ ಗುಣವಾಗಿದೆ.

ಅರ್ಥಗೌರವದಲ್ಲಿ ‘ಕೆರೆಯ ನೀರನು’ ಎಂಬುದು ನಾಲ್ಕರಲ್ಲಿ ಶ್ರೇಷ್ಠವಾದುದು. ಕೆರೆಯಿಂದ ತೆಗೆದ ನೀರನ್ನು ಕೆರೆಗೇ ಅರ್ಪಿಸುವಂತೆ, ಹರಿಯಿಂದ ಬಂದುದನ್ನು ಹರಿಗೇ ಒಪ್ಪಿಸಬೇಕೆಂಬುದು ಅದರ ಭಾವ. ಗುರುವಿನಿಂದ ಪಡೆದ ನಾದವನ್ನು ಗುರುವಿನ ಮುಂದೆಯೇ ಹಾಡಿ ಒಪ್ಪಿಸುವ ಶಿಷ್ಯನಿಗೆ ಇದಕ್ಕಿಂತ ಉಚಿತವಾದ ಪಾಠವುಂಟೆ? ಅರ್ಥವನ್ನು ತಿಳಿಸದೆ ಇದನ್ನು ಬಾಯಿಪಾಠ ಮಾಡಿಸುವುದು ವಿದ್ಯೆಯ ಅರ್ಧವನ್ನು ಮುಚ್ಚಿಟ್ಟಂತೆ.

ಕಲಿತವನು ಹಾಡುವುದೆಲ್ಲಿ ಎಂಬ ಪ್ರಶ್ನೆಯೂ ವಿಚಾರಾರ್ಹವಾಗಿದೆ. ತಂಬೂರಿ ಹಿಡಿದು ಗೆಜ್ಜೆ ಕಟ್ಟಿದ ದಾಸರಿಗೆ ಬೀದಿಯೂ ದೇವಾಲಯವೂ ಸಭೆಯಾಗಿದ್ದುವು. ಈಗಿನ ಕಛೇರಿಯಲ್ಲಾದರೋ ವರ್ಣವು ಮೊದಲು, ಆಲಾಪನೆ ಕಲ್ಪನಾಸ್ವರಗಳಿಂದ ವಿಸ್ತಾರಗೊಳ್ಳುವ ಕೃತಿಗಳು ಮಧ್ಯೆ, ದೇವರನಾಮವು ಸಾಮಾನ್ಯವಾಗಿ ಕಡೆಗೆ. ಪಾಠದ ಆದಿಯಲ್ಲಿಯೂ ಕಛೇರಿಯ ಅಂತ್ಯದಲ್ಲಿಯೂ ಪುರಂದರದಾಸರುಂಟು. ನಡುವೆ ಅವರಿಗೆ ಎಡೆಯು ವಿರಳ.

ಇದಕ್ಕೆ ಸಾಹಿತ್ಯದ ಕೊರತೆಯು ಕಾರಣವಲ್ಲ. ಮಾತು ಧಾತುಗಳೆರಡನ್ನೂ ರಚಿಸುವವನೇ ವಾಗ್ಗೇಯಕಾರನೆಂದು ೧೩ನೆಯ ಶತಮಾನದ ಸಂಗೀತರತ್ನಾಕರವು ನಿರೂಪಿಸಿದೆ. ತ್ಯಾಗರಾಜರ (೧೭೬೭–೧೮೪೭) ಕೃತಿಗಳಲ್ಲಿ ಶಿಷ್ಯಪರಂಪರೆಯು ಎರಡನ್ನೂ ಕಾಪಾಡಿತು. ದಾಸರ ಪದಗಳಾದರೋ ಬಹುಮಟ್ಟಿಗೆ ರಾಗತಾಳಗಳ ಹೆಸರಿನೊಡನೆ ಮಾತಾಗಿ ಮಾತ್ರ ಉಳಿದುವು. ೧೮೫೦ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗನು ಅಚ್ಚುಮಾಡಿಸಿದ್ದೂ ಮಾತನ್ನೇ. ಇಂದು ಕೇಳಿಬರುವ ವರ್ಣಮೆಟ್ಟುಗಳಲ್ಲಿ ಬಹುಪಾಲು ಅನಂತರದ ಗಾಯಕರು ಕೂಡಿಸಿದುವು.

ಈ ನಷ್ಟದ ಮಧ್ಯೆ ಗೀತಗಳ ಬೆಲೆಯು ವ್ಯಕ್ತವಾಗುತ್ತದೆ. ಇವುಗಳಲ್ಲಿ ಮಾತೂ ಧಾತುವೂ ಅಗಲದೆ ಬಂದಿವೆ; ಕಾರಣ, ಇವು ಪಾಠಗಳಾಗಿದ್ದುವು. ವಿದ್ವಾಂಸನ ಮನೋಧರ್ಮಕ್ಕೆ ಸಿಕ್ಕಿದ ಪದವು ಮಾರ್ಪಟ್ಟಿತು. ದಿನದಿನವೂ ಗುರುವು ತಿದ್ದಿ ಹೇಳಿಸಿದ ಗೀತವು ನಿಂತಿತು. ಅಲ್ಪವೆಂದು ಕಡೆಗಣಿಸಿದ ಬಾಲಪಾಠವೇ ಭದ್ರವಾದ ಭಂಡಾರವಾಯಿತು.

ಆದುದರಿಂದ ಸಾಹಿತ್ಯೋಪಾಧ್ಯಾಯರು ಈ ಗೀತಗಳ ಪಾಠಾಂತರಗಳನ್ನು ಸಂಗ್ರಹಿಸಿ ಶುದ್ಧಪಾಠವನ್ನು ನಿರ್ಣಯಿಸುವುದೂ, ಸಂಗೀತೋಪಾಧ್ಯಾಯರು ಸ್ವರದೊಡನೆ ಅರ್ಥವನ್ನೂ ಬೋಧಿಸುವುದೂ ಅವಶ್ಯಕ. ದಾಸರ ಪದವನ್ನು ತರಗತಿಯಲ್ಲಿ ಓದಿಸಿ ಬಿಡದೆ ಹಾಡಿಸಿದಲ್ಲಿ, ಮಾತನ್ನು ಅಗಲಿದ ಧಾತುವು ಹಿಂದಿರುಗದಿದ್ದರೂ, ಉಳಿದಿರುವುದು ಇನ್ನು ಅಗಲದೆ ನಿಲ್ಲುವುದು.